ದ್ವೀಪದಲ್ಲೊಂದು ಸಿರಿಮನೆ: ಖಾಡಿಯ ಈಚೆ ದಡದಿಂದ ಕಂಡ ಇತಿಹಾಸ

ಉಷ್ಣವಲಯದ ದ್ವೀಪದಲ್ಲೊಂದು ವೈಭವದ ಮನೆ ಎಂದೊಡನೆ ಮಾಲ್ಡೀವ್ಸ್, ಬಾಲಿ, ಮಾರಿಷಸ್‌ಗಳ ಚಿತ್ರ ಕಣ್ಣೆದುರು ನಿಲ್ಲುವಂತೆ ಜಾಹೀರಾತುಗಳು ನಮ್ಮನ್ನು ಪಳಗಿಸಿಬಿಟ್ಟಿವೆ. ಆದರೆ ಅಂತಹ ಮನೆಗಳ ನಾಲ್ಕೂವರೆ ಶತಮಾನಗಳ ಚರಿತ್ರೆಯನ್ನು ಹೊತ್ತ ದ್ವೀಪವೊಂದು ನಮ್ಮ ತುರ್ಭೆಯಿಂದ ಖಾಡಿಯೊಂದರ ಆಚೆಗಿದೆ. ಮುಂಬಯಿಯವರು ತಾವು ದ್ವೀಪವಾಸಿಗಳೆಂಬುದನ್ನು ಮರೆತೇ ಬದುಕುತ್ತಾರೆ. ಪ್ರತಿದಿನ ವಾಶಿ ಸೇತುವೆಯನ್ನು ದಾಟಿ ಕೆಲಸಕ್ಕೆ ಹೋಗಿಬರುವ ನಮಗೆ ಮಾತ್ರ ಆ ಮರೆವು ಸಾಧ್ಯವಿಲ್ಲ. ಸೇತುವೆಯ ಈಚೆಗೆ ಒಳನಾಡು, ಆಚೆಗೆ ದ್ವೀಪ. ಉತ್ತರಕ್ಕೆ ವಸಯಿ ಖಾಡಿ, ಪೂರ್ವಕ್ಕೆ ಠಾಣೆ ಖಾಡಿ, ಉಳಿದೆಡೆ ಅರಬ್ಬೀ ಸಮುದ್ರ. ಇವುಗಳ ನಡುವೆ ಇರುವುದು ಸಾಷ್ಟಿ. ಅರವತ್ತಾರು ಹಳ್ಳಿಗಳ ನೆಲವೆಂಬ ಅರ್ಥದಿಂದ ಹುಟ್ಟಿದ ಈ ಹೆಸರನ್ನು ಪರಂಗಿಯವರು ಸಾಲ್ಸೆಟ್ ಎಂದು ತಿರುಚಿದರು. ಅದರ ದಕ್ಷಿಣಕ್ಕಿದ್ದ ಏಳು ಪುಟ್ಟ ದ್ವೀಪಗಳನ್ನು ಒಡ್ಡು ಕಟ್ಟಿ, ಮಣ್ಣು ತುಂಬಿ, ಒಂದಾಗಿಸಿದ ಮೇಲೆ ಆದದ್ದು ಮುಂಬಯಿ ನಗರ.

ಈ ದ್ವೀಪದಲ್ಲಿ ಸಿರಿವಂತರು ಯಾವಾಗ, ಎಲ್ಲಿ, ಏಕೆ ಮನೆ ಕಟ್ಟಿದರು ಎಂಬುದನ್ನು ಅನುಕ್ರಮವಾಗಿ ನೋಡುತ್ತ ಹೋದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಇಲ್ಲಿನ ಪ್ರತಿಯೊಂದು ಸಿರಿಮನೆಯೂ ಯಾವುದೋ ಒಂದರಿಂದ ತಪ್ಪಿಸಿಕೊಳ್ಳಲು ಕಟ್ಟಿದ್ದು. ಜ್ವರದಿಂದ, ದುರ್ಗಂಧದಿಂದ, ಹೊಗೆಯಿಂದ, ಜನಸಂದಣಿಯಿಂದ, ಕೊನೆಗೆ ನೆಲದಿಂದಲೇ. ಆದರೆ ದ್ವೀಪವೆಂದರೆ ಎಲ್ಲರಿಗೂ ಒಂದೇ ನೀರು, ಒಂದೇ ಗಾಳಿ. ಓಡಿದವರನ್ನು ಅದು ಮತ್ತೆ ಮತ್ತೆ ಹಿಡಿದಿದೆ.

ಬಂಡೆಯಲ್ಲಿ ಕೊರೆದ ಮನೆಗಳು

ಸಾಷ್ಟಿಯ ಅತಿ ಹಳೆಯ ಮನೆಗಳು ಇಂದಿಗೂ ನಿಂತಿವೆ. ಬೊರಿವಲಿಯ ಅರಣ್ಯದೊಳಗಿನ ಕಾನ್ಹೇರಿಯಲ್ಲಿ ಬೌದ್ಧ ಭಿಕ್ಷುಗಳಿಗಾಗಿ ಕಪ್ಪು ಶಿಲೆಯ ಬೆಟ್ಟದಲ್ಲಿ ನೂರಕ್ಕೂ ಹೆಚ್ಚು ಗುಹೆಗಳನ್ನು ಕೊರೆಯಲಾಗಿದೆ. ಚೈತ್ಯಗೃಹವನ್ನೂ ದೊಡ್ಡ ಸಭಾಗೃಹಗಳನ್ನೂ ಬಿಟ್ಟರೆ ಅವುಗಳಲ್ಲಿ ಹೆಚ್ಚಿನವು ವಾಸದ ಕೋಣೆಗಳೇ. ಮುಂದೆ ಕಂಬಗಳ ಮೊಗಸಾಲೆ, ಒಳಗೆ ಮಲಗಲು ಕಲ್ಲಿನ ಜಗಲಿ, ಪಕ್ಕದಲ್ಲಿ ಮಳೆನೀರು ಸಂಗ್ರಹಿಸುವ ತೊಟ್ಟಿ. ಅಲ್ಲಿನ ಪ್ರಾಕೃತ ಶಾಸನಗಳು ಗುಹೆಯ ದಾನದೊಂದಿಗೆ ‘ಪೋಢಿ’ಯ, ಎಂದರೆ ನೀರಿನ ತೊಟ್ಟಿಯ, ದಾನವನ್ನೂ ತಪ್ಪದೆ ಹೇಳುತ್ತವೆ. ದಾನಿಗಳಲ್ಲಿ ಕಲ್ಯಾಣದ ವರ್ತಕರಿದ್ದಾರೆ, ಸೋಪಾರದವರಿದ್ದಾರೆ. ಸುತ್ತಲೂ ಉಪ್ಪುನೀರಿರುವ ನೆಲದಲ್ಲಿ ಮನೆ ಕೊಡುವುದೆಂದರೆ ಸಿಹಿನೀರನ್ನೂ ಕೊಡುವುದೆಂದು ಅವರಿಗೆ ತಿಳಿದಿತ್ತು.

ಕನ್ನಡಿಗರಾದ ನಮಗೆ ಕಾನ್ಹೇರಿಯಲ್ಲಿ ಇನ್ನೊಂದು ಆಕರ್ಷಣೆಯಿದೆ. ಒಂಬತ್ತನೆಯ ಶತಮಾನದ ಮೂರು ಶಾಸನಗಳಲ್ಲಿ ಉತ್ತರ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರ ಸಾಮಂತರ ಹೆಸರಿನ ಮೇಲೆ ಅವರ ಒಡೆಯನ ಹೆಸರಿದೆ. ಅವನೇ ಮಾನ್ಯಖೇಟದ ಅಮೋಘವರ್ಷ. ‘ಕವಿರಾಜಮಾರ್ಗ’ದೊಡನೆ ಯಾರ ಹೆಸರನ್ನು ಕೂಡಿಸಿ ಹೇಳುತ್ತೇವೆಯೋ ಆ ನೃಪತುಂಗನ ಆಳ್ವಿಕೆಯ ಅಂಚು ಈ ದ್ವೀಪದವರೆಗೆ ಬಂದಿತ್ತು. 853ರ ಶಾಸನದ ದಾನಿ ದೂರದ ಗೌಡದೇಶದಿಂದ ಬಂದ ಅವಿಘ್ನಾಕರನೆಂಬ ಉಪಾಸಕ. ಧ್ಯಾನಕ್ಕೆ ತಕ್ಕ ವಸತಿಗಳನ್ನು ಮಾಡಿಸಿ, ಭಿಕ್ಷುಗಳ ವಸ್ತ್ರಕ್ಕಾಗಿ ನೂರು ದ್ರಮ್ಮಗಳನ್ನು ಇಡುಗಂಟಾಗಿ ಇಟ್ಟವನು ಅವನು. ಮನೆಯನ್ನು ಕಟ್ಟಿಸಿ ಕೈತೊಳೆದುಕೊಳ್ಳದೆ, ಅದರಲ್ಲಿರುವವರ ನಾಳೆಗೂ ಏರ್ಪಾಡು ಮಾಡಿದ ಕ್ರಮವಿದು. ಸಂಸಾರದಿಂದ ತಪ್ಪಿಸಿಕೊಂಡು ಬಂದವರಿಗಾಗಿಯೇ ಈ ಮನೆಗಳಿದ್ದವು, ನಿಜ. ಆದರೆ ಅವುಗಳಿಗೆ ಒಬ್ಬ ಒಡೆಯನಿರಲಿಲ್ಲ.

ವರ್ಷಕ್ಕೆ ಎರಡು ಸಲ ಫಲಿಸಿದ ಮಾವು

ಒಡೆಯನುಳ್ಳ ಮೊದಲ ಸಿರಿಮನೆ ಹದಿನಾರನೆಯ ಶತಮಾನದ್ದು. 1534ರಲ್ಲಿ ಗೋವೆಗೆ ಬಂದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ ಸುಮಾರು 1554ರಲ್ಲಿ ಮುಂಬಯಿ ದ್ವೀಪವನ್ನು ವಾರ್ಷಿಕ ಗೇಣಿಗೆ ಪಡೆದ. ಇಂದಿನ ಟೌನ್‌ಹಾಲಿನ ಹಿಂದೆ, ಬಂದರಿಗೆ ಮುಖಮಾಡಿ, ತೋಟದ ನಡುವೆ ಅವನ ಮನೆಯಿತ್ತು. ಭಾರತದ ಔಷಧಿ ಸಸ್ಯಗಳನ್ನು ಕುರಿತ ಅವನ ಸಂವಾದರೂಪದ ಗ್ರಂಥ 1563ರಲ್ಲಿ ಗೋವೆಯಲ್ಲಿ ಮುದ್ರಣವಾಯಿತು. ತನ್ನ ದ್ವೀಪದ ಮಾವಿನ ಮರವೊಂದು ವರ್ಷಕ್ಕೆ ಎರಡು ಸಲ ಫಲ ಕೊಡುತ್ತದೆಂದು ಅವನು ಅದರಲ್ಲಿ ಅಭಿಮಾನದಿಂದ ಬರೆದುಕೊಂಡಿದ್ದಾನೆ.

ಈ ತೋಟದ ಮನೆಯ ಹಿನ್ನೆಲೆಯಲ್ಲಿ ಭಯವಿತ್ತು. ಓರ್ತಾ ಬಲವಂತದಿಂದ ಕ್ರೈಸ್ತರಾದ ಯಹೂದಿ ಮನೆತನದವನು. ಸ್ವದೇಶದಲ್ಲಿ ಇನ್‌ಕ್ವಿಸಿಷನ್ ನ್ಯಾಯಾಲಯದ ನೆರಳು ಹಬ್ಬುತ್ತಿದ್ದಾಗ ಹಡಗು ಹತ್ತಿದ್ದ. ಆ ನ್ಯಾಯಾಲಯ ಅವನ ಹಿಂದೆಯೇ ಗೋವೆಗೂ ಬಂತು. ಅವನು ತೀರಿಕೊಂಡ ಮರುವರ್ಷ, 1569ರಲ್ಲಿ, ಅವನ ತಂಗಿಯನ್ನು ಸಜೀವ ಸುಟ್ಟರು. 1580ರಲ್ಲಿ ಅವನ ಎಲುಬುಗಳನ್ನೇ ಗೋರಿಯಿಂದ ಹೊರತೆಗೆದು ಬೆಂಕಿಗೆ ಹಾಕಿದರು. ದ್ವೀಪದ ಮನೆ ಅವನಿಗೆ ಕೆಲವು ಮಾವಿನ ಸುಗ್ಗಿಗಳನ್ನು ಕೊಟ್ಟಿತು, ಅಭಯವನ್ನು ಕೊಡಲಾಗಲಿಲ್ಲ.

1661ರ ವಿವಾಹ ಒಪ್ಪಂದದಂತೆ ಮುಂಬಯಿ ಇಂಗ್ಲೆಂಡಿನ ದೊರೆಗೆ ಬಳುವಳಿಯಾಯಿತು. 1665ರ ಫೆಬ್ರವರಿಯಲ್ಲಿ ಹಸ್ತಾಂತರದ ವಿಧಿ ನಡೆದದ್ದೂ ಇದೇ ಮನೆಯಲ್ಲಿ. ದ್ವೀಪದ ಹಣೆಬರಹ ಬದಲಾಗುವುದಕ್ಕೆ ಒಂದು ಖಾಸಗಿ ಮನೆ ಸಾಕ್ಷಿಯಾಯಿತು. 1668ರಲ್ಲಿ ದೊರೆ ಅದನ್ನು ವರ್ಷಕ್ಕೆ 10 ಪೌಂಡುಗಳ ಗೇಣಿಗೆ ಈಸ್ಟ್ ಇಂಡಿಯಾ ಕಂಪನಿಗೆ ವಹಿಸಿದ. ಮುಂಬಯಿಯ ನೆಲ ಅಷ್ಟು ಅಗ್ಗವಾಗಿದ್ದದ್ದು ಅದೇ ಕೊನೆ.

ಕೋಟೆಯಿಂದ ತೋಟಕ್ಕೆ, ತೋಟದಿಂದ ಗುಡ್ಡಕ್ಕೆ

ಕಂಪನಿಯ ಆರಂಭದ ದಿನಗಳಲ್ಲಿ ಈ ದ್ವೀಪ ಇಂಗ್ಲಿಷರಿಗೆ ಮೃತ್ಯುವಿನ ಬಾಯಾಗಿತ್ತು. ಇಲ್ಲಿ ಎರಡು ಮಳೆಗಾಲ ಕಳೆದರೆ ಮನುಷ್ಯನ ಆಯುಷ್ಯ ಮುಗಿದಂತೆ ಎಂಬ ಮಾತು ಆಗ ಬಳಕೆಯಲ್ಲಿತ್ತೆಂದು 1689ರಲ್ಲಿ ಬಂದ ಪಾದ್ರಿ ಓವಿಂಗ್ಟನ್ ದಾಖಲಿಸಿದ್ದಾನೆ. ಉಬ್ಬರದ ನೀರು ಒಳನುಗ್ಗಿ ನಿಲ್ಲುವ ಜೌಗು, ಅದರಿಂದ ಜ್ವರ. ಹಣ ಕೂಡಿದವರು ಕೋಟೆಯ ಕಿಷ್ಕಿಂಧೆಯನ್ನು ಬಿಟ್ಟು ಹೊರಗೆ ತೋಟದ ಬಂಗಲೆಗಳನ್ನು ಕಟ್ಟಿಕೊಳ್ಳತೊಡಗಿದರು. ಮಜಗಾಂವ್, ಬೈಕಲಾ, ಪರೇಲ್ ಹೀಗೆ ಸಿರಿವಂತರ ನೆಲೆಗಳಾದವು. 1803ರ ಫೆಬ್ರವರಿಯಲ್ಲಿ ಕೋಟೆಯೊಳಗೆ ಎದ್ದ ಭಾರೀ ಬೆಂಕಿ ಈ ವಲಸೆಗೆ ಇನ್ನಷ್ಟು ವೇಗ ಕೊಟ್ಟಿತು.

ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಮಜಗಾಂವ್‌ನ ಬೆಲ್ವಿಡೆರ್ ಬಂಗಲೆ ನೆನಪಿರುತ್ತದೆ. ಕಾದಂಬರಿಕಾರ ಲಾರೆನ್ಸ್ ಸ್ಟರ್ನ್ ತನ್ನ ಕೊನೆಗಾಲದಲ್ಲಿ ಯಾರಿಗಾಗಿ ಹಂಬಲಿಸಿ ದಿನಚರಿ ಬರೆದನೋ ಆ ಎಲೈಜಾ ಡ್ರೇಪರ್ ಕಂಪನಿಯ ಅಧಿಕಾರಿಯ ಪತ್ನಿಯಾಗಿ ಬಾಳಿದ್ದು ಅಲ್ಲಿ. 1773ರ ಜನವರಿಯ ಒಂದು ರಾತ್ರಿ ಆಕೆ ಆ ಸುಂದರವಾದ ಮನೆಯಿಂದ ನೌಕಾಧಿಕಾರಿಯೊಬ್ಬನ ನೆರವಿನಿಂದ ಪಾರಾದಳು. ಕಿಟಕಿಯಿಂದ ಹಗ್ಗ ಹಿಡಿದು ಇಳಿದಳೆಂದು ಪ್ರತೀತಿ. ಗಾಳಿ ಬೆಳಕುಗಳಿಗೆ ಹೆಸರಾದ ಮನೆಯೂ ಒಳಗಿರುವವರಿಗೆ ಸೆರೆಮನೆಯಾಗಬಲ್ಲದು.

ಪರೇಲಿನ ಕಥೆ ಇನ್ನೂ ಮುಖ್ಯವಾದುದು. ಅಲ್ಲಿ ಜೆಸ್ವಿತರ ಕೈಯಿಂದ ಕಂಪನಿ ಕಸಿದುಕೊಂಡಿದ್ದ ಕಟ್ಟಡವೊಂದು 1770ರ ದಶಕದಿಂದ ಗವರ್ನರರ ನಿವಾಸವಾಯಿತು. ಸುತ್ತ ಮಾವಿನ ತೋಪು, ಕೆರೆ, ಒಳಗೆ ಔತಣದ ಅಂಗಣ. ನೂರು ವರ್ಷ ಅದು ದ್ವೀಪದ ಅತ್ಯುನ್ನತ ಮನೆ. ಅಷ್ಟರಲ್ಲಿ ಹತ್ತಿಗಿರಣಿಗಳು ಪರೇಲಿನತ್ತ ಬಂದವು, ಅವುಗಳ ಹಿಂದೆ ಕಾರ್ಮಿಕರ ಚಾಳುಗಳು ಬಂದವು. ಗಾಳಿ ಕೆಟ್ಟಿತು, ನೀರು ಕೆಟ್ಟಿತು. 1882ರಲ್ಲಿ ಗವರ್ನರ್ ಫರ್ಗುಸನ್ನರ ಪತ್ನಿ ಆ ಮನೆಯಲ್ಲೇ ಕಾಲರಾದಿಂದ ತೀರಿಕೊಂಡರು. ಕೆಲವೇ ವರ್ಷಗಳಲ್ಲಿ ಗವರ್ನರರು ಪರೇಲನ್ನು ತೊರೆದು ಮಲಬಾರ್ ಗುಡ್ಡದ ತುದಿಗೆ, ಇಂದಿನ ರಾಜಭವನದ ಜಾಗಕ್ಕೆ, ಹೊರಟುಹೋದರು. ಸಿರಿವಂತರ ಕಣ್ಣೂ ಅದೇ ಗುಡ್ಡದ ಮೇಲೆ ನೆಟ್ಟಿತ್ತು. ಮೂರು ಕಡೆ ಕಡಲಿನ ಗಾಳಿ, ಕೆಳಗಿನ ಊರಿನಿಂದ ದೂರ.

ಗುಡ್ಡದ ಮೇಲೆ ಗಾಳಿಯಿತ್ತು, ಆದರೆ ಊರಿಗೇ ಸಾಕಷ್ಟು ನೀರಿರಲಿಲ್ಲ. 1850ರ ದಶಕದ ನಡುವೆ ಬಿದ್ದ ಬರದಲ್ಲಿ ಬಾವಿ ಕೆರೆಗಳು ಬತ್ತಿದಾಗ ನಗರ ತತ್ತರಿಸಿತು. ಆಗ ಸಾಷ್ಟಿಯ ಬೆಟ್ಟಗಳ ನಡುವಿನ ಕಣಿವೆಗೆ ಅಡ್ಡಗಟ್ಟಿ ವಿಹಾರ ಕೆರೆಯನ್ನು ನಿರ್ಮಿಸಲಾಯಿತು. 1860ರಲ್ಲಿ ಕೊಳವೆಯ ನೀರು ನಗರವನ್ನು ಮುಟ್ಟಿತು. ಸಾವಿರ ವರ್ಷಗಳ ಹಿಂದೆ ಭಿಕ್ಷುಗಳು ತೊಟ್ಟಿ ಕೊರೆದು ಮಳೆನೀರು ಹಿಡಿದ ಬೆಟ್ಟಸಾಲಿನ ನೀರನ್ನೇ ಮಲಬಾರ್ ಗುಡ್ಡದ ಸ್ನಾನಗೃಹಗಳಿಗೆ ಹರಿಸಲಾಯಿತೆಂಬುದು ನಾವು ಗಮನಿಸಬೇಕಾದ ಅಂಶ. ವ್ಯತ್ಯಾಸವಿಷ್ಟೇ: ಭಿಕ್ಷುವಿನ ತೊಟ್ಟಿ ಅವನ ಬಾಗಿಲಲ್ಲೇ ಇತ್ತು. ಇಲ್ಲಿ ಕೆರೆ ತುಂಬಿದಾಗ ಮುಳುಗಿದ ಹೊಲಗಳು ಬೇರೆಯವರವು.

ಪ್ಲೇಗು ಕಲಿಸಿದ ಪಾಠ

1896ರ ಸೆಪ್ಟೆಂಬರಿನಲ್ಲಿ ಮಾಂಡವಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಮರುವರ್ಷ ಅದಕ್ಕೆ ಲಸಿಕೆಯನ್ನು ಸಿದ್ಧಪಡಿಸಿದ ವಾಲ್ಡೆಮಾರ್ ಹಾಫ್‌ಕಿನ್‌ಗೆ 1899ರಲ್ಲಿ ಪ್ರಯೋಗಾಲಯಕ್ಕೆಂದು ದೊರೆತದ್ದು ಪರೇಲಿನ ಅದೇ ಹಳೆಯ ಗವರ್ನರ್ ಬಂಗಲೆ. ಕಾಲರಾಕ್ಕೆ ಹೆದರಿ ತೊರೆದ ಮನೆಯಲ್ಲಿ ಲಕ್ಷಾಂತರ ಬಡವರ ಪ್ರಾಣ ಉಳಿಸುವ ಔಷಧ ತಯಾರಾಯಿತು. ಈ ದ್ವೀಪದ ಸಿರಿಮನೆಗಳಲ್ಲಿ ಇಷ್ಟು ಸಾರ್ಥಕವಾದ ವೃದ್ಧಾಪ್ಯ ಬೇರೆ ಯಾವುದಕ್ಕೂ ಲಭಿಸಿಲ್ಲವೆಂದು ನಮ್ಮ ಅಭಿಪ್ರಾಯ. ಅದು ಇಂದು ಹಾಫ್‌ಕಿನ್ ಸಂಸ್ಥೆ.

ಪ್ಲೇಗಿನ ಇನ್ನೊಂದು ಫಲ 1898ರಲ್ಲಿ ಸ್ಥಾಪನೆಯಾದ ಇಂಪ್ರೂವ್‌ಮೆಂಟ್ ಟ್ರಸ್ಟ್. ಅದರ ದಾದರ್, ಮಾಟುಂಗಾ ಬಡಾವಣೆಗಳಿಂದ ಮಧ್ಯಮ ವರ್ಗಕ್ಕೂ ಗಾಳಿ ಬೆಳಕಿನ ಮನೆ ಸಿಗುವ ದಾರಿ ತೆರೆಯಿತು. ದಕ್ಷಿಣದವರು ಮಾಟುಂಗಾದಲ್ಲಿ ನೆಲೆಯೂರಿದ್ದು ಹೀಗೆ. 1926ರಲ್ಲಿ ಆರಂಭವಾದ ಮೈಸೂರು ಅಸೋಸಿಯೇಷನ್, 1942ರಿಂದ ಊಟ ಬಡಿಸುತ್ತಿರುವ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, ಇವೆಲ್ಲ ಆ ನೆಲದ ಬೆಳೆಗಳು. ಹಗಲು ಹೋಟೆಲಿನಲ್ಲಿ ದುಡಿದು, ಇರುಳು ಕನ್ನಡ ರಾತ್ರಿಶಾಲೆಗಳಲ್ಲಿ ಓದಿ, ಹೋಟೆಲಿನ ಬೆಂಚುಗಳನ್ನೇ ಹಾಸಿಗೆಯಾಗಿಸಿಕೊಂಡ ಹುಡುಗರ ಪಾಲಿಗೆ ಮಾತ್ರ ಮನೆಯೆಂಬುದು ಬಹುಕಾಲ ಊರಿನ ವಿಳಾಸವಾಗಿಯೇ ಉಳಿಯಿತು.

1930ರ ದಶಕದಲ್ಲಿ ಈ ದ್ವೀಪದಲ್ಲಿ ಎರಡು ಮನೆಗಳು ಎದ್ದವು. ಅವುಗಳನ್ನು ಜೊತೆಯಾಗಿ ನೋಡುವುದು ಉಪಯುಕ್ತ. ಮೊದಲನೆಯದು ಮಲಬಾರ್ ಗುಡ್ಡದ ಮೌಂಟ್ ಪ್ಲೆಸೆಂಟ್ ರಸ್ತೆಯಲ್ಲಿ 1936ರಲ್ಲಿ ಮಹಮ್ಮದಾಲಿ ಜಿನ್ನಾ ಕಟ್ಟಿಸಿದ ಸೌತ್ ಕೋರ್ಟ್. ವಾಸ್ತುಶಿಲ್ಪಿ ಕ್ಲಾಡ್ ಬ್ಯಾಟ್ಲಿ. ಅಮೃತಶಿಲೆ ಇಟಲಿಯದು, ಕಮಾನುಗಳ ಮುಂದೆ ಕಡಲಿಗೆ ತೆರೆದ ನೋಟ. 1944ರ ಸೆಪ್ಟೆಂಬರಿನಲ್ಲಿ ಗಾಂಧೀಜಿ ಮಾತುಕತೆಗೆಂದು ದಿನದಿನವೂ ಆ ಮನೆಗೆ ನಡೆದುಬಂದರು. ಮಾತು ಫಲಿಸಲಿಲ್ಲ. ಮೂರು ವರ್ಷಗಳ ತರುವಾಯ ಮನೆಯೊಡೆಯರು ತಾವೇ ಬಯಸಿ ಪಡೆದ ಬೇರೊಂದು ದೇಶಕ್ಕೆ ಹೋದರು. ಆದರೂ ಈ ಮನೆಯ ಮೇಲಿನ ಆಸೆ ಬಿಡಲಿಲ್ಲ. ಅದನ್ನು ವಶಪಡಿಸಿಕೊಳ್ಳಬಾರದೆಂದು ಅವರು ನೆಹರೂ ಅವರಿಗೆ ಹೇಳಿಕಳುಹಿಸಿದ್ದನ್ನು ಕರಾಚಿಯಲ್ಲಿ ಭಾರತದ ಹೈಕಮಿಷನರ್ ಆಗಿದ್ದ ಶ್ರೀಪ್ರಕಾಶರು ಬರೆದಿಟ್ಟಿದ್ದಾರೆ. ದೇಶವನ್ನು ಇಬ್ಭಾಗ ಮಾಡುವಾಗ ಗೀಚಿದ ಗೆರೆ ತನ್ನ ಮನೆಯ ಹೊಸ್ತಿಲಲ್ಲೂ ಹಾದುಹೋಗುತ್ತದೆಂದು ಗೃಹಸ್ಥ ಜಿನ್ನಾಗೆ ಹೊಳೆದಿರಲಿಲ್ಲವೇನೋ.

ಎರಡನೆಯದು ದಾದರಿನ ಹಿಂದೂ ಕಾಲನಿಯಲ್ಲಿ ಡಾ. ಅಂಬೇಡ್ಕರ್ ಕಟ್ಟಿಸಿದ ರಾಜಗೃಹ. ಅದಕ್ಕೆ ಮುನ್ನ ಅವರು ಬಾಳಿದ್ದು ಪರೇಲಿನಲ್ಲಿ, ಇಂಪ್ರೂವ್‌ಮೆಂಟ್ ಟ್ರಸ್ಟಿನ ಚಾಳಿನ ಎರಡು ಕೋಣೆಗಳಲ್ಲಿ. ರಾಜಗೃಹದ ವೈಭವವೆಲ್ಲ ಅದರ ಗ್ರಂಥಾಲಯ. ಸುಮಾರು 50,000 ಪುಸ್ತಕಗಳಿದ್ದವೆಂದು ಹೇಳುತ್ತಾರೆ. ಮಗಧದ ಪ್ರಾಚೀನ ರಾಜಧಾನಿಯ ಹೆಸರನ್ನು ಹೊತ್ತ ಈ ಮನೆಗೂ, ಸಾಷ್ಟಿಯ ಬೆಟ್ಟದಲ್ಲಿ ಬೌದ್ಧರಿಗಾಗಿ ಕೊರೆದ ಕೋಣೆಗಳಿಗೂ ದೂರದ ನಂಟಿದೆ. ಜನರಿಂದ ದೂರ ಹೋಗಲು ಕಟ್ಟಿದ ಮನೆಗಳ ಸಾಲಿನಲ್ಲಿ, ಜನರ ಕೆಲಸಕ್ಕೆ ಏಕಾಗ್ರತೆ ಬೇಕೆಂದು ಕಟ್ಟಿದ ಮನೆಯಿದು.

ದ್ವೀಪದೊಳಗಿನ ದ್ವೀಪ

ಸ್ವಾತಂತ್ರ್ಯಾನಂತರದ ಮುಂಬಯಿ ಅಗಲಕ್ಕೆ ಬೆಳೆಯಲಾಗದೆ ಎತ್ತರಕ್ಕೆ ಬೆಳೆಯಿತು. 1982ರ ಗಿರಣಿ ಮುಷ್ಕರದ ನಂತರ ಪರೇಲಿನ ಚಿಮಣಿಗಳು ಒಂದೊಂದಾಗಿ ಆರಿದವು. ಗವರ್ನರರು ಯಾವ ಹೊಗೆಗೆ ಹೆದರಿ ಓಡಿದ್ದರೋ ಆ ಹೊಗೆ ಅಡಗಿದ ಮೇಲೆ ಗಿರಣಿಗಳ ನೆಲದ ಮೇಲೆಯೇ ಐಷಾರಾಮದ ಗೋಪುರಗಳೆದ್ದವು. ಸಿರಿ ನೂರು ವರ್ಷಗಳ ಬಳಿಕ ತವರಿಗೆ ಮರಳಿತು, ಗಿರಣಿ ಕಾರ್ಮಿಕರು ನಾಲಾಸೋಪಾರಾ, ಡೊಂಬಿವಲಿ, ಬದಲಾಪುರಗಳ ಕಡೆಗೆ ಹೋದರು. ಪೊವಾಯಿಯಲ್ಲಿ ಚಿಕ್ಕ ಮನೆಗಳನ್ನು ಕಟ್ಟುವ ಷರತ್ತಿನ ಮೇಲೆ 1986ರ ಒಪ್ಪಂದದಂತೆ ಅತ್ಯಲ್ಪ ಬೆಲೆಗೆ ಕೊಟ್ಟ ನೆಲದಲ್ಲಿ ಸಿರಿವಂತರ ಉಪನಗರವೇ ಎದ್ದುನಿಂತಿತು. ಕೊನೆಗೆ 2012ರಲ್ಲಿ ಬಾಂಬೆ ಹೈಕೋರ್ಟು ಮೊದಲು ಚಿಕ್ಕ ಮನೆಗಳನ್ನು ಕಟ್ಟಿರೆಂದು ಆದೇಶಿಸಬೇಕಾಯಿತು.

ಈ ಚರಿತ್ರೆಯ ಶಿಖರವೆಂದರೆ ಆಲ್ಟಮೌಂಟ್ ರಸ್ತೆಯಲ್ಲಿ ಒಂದೇ ಕುಟುಂಬಕ್ಕಾಗಿ 2010ರ ಹೊತ್ತಿಗೆ ಸಿದ್ಧವಾದ 27 ಅಂತಸ್ತುಗಳ ಮನೆ. ಅದು ನಿಂತ ನೆಲ ಹಿಂದೆ ಅನಾಥಾಲಯವೊಂದರದು. 2002ರಲ್ಲಿ ನಡೆದ ಅದರ ಮಾರಾಟಕ್ಕೆ ವಕ್ಫ್ ಮಂಡಲಿ ಆಕ್ಷೇಪಣೆ ಎತ್ತಿತು. ನಮ್ಮ ಕುತೂಹಲ ಕೆರಳಿಸುವುದು ಆ ಮನೆಯ ಹೆಸರು. ಆಂಟಿಲಿಯಾ ಎಂಬುದು ಹದಿನೈದನೆಯ ಶತಮಾನದ ಐರೋಪ್ಯ ನಾವಿಕರು ಅಟ್ಲಾಂಟಿಕ್ ಸಾಗರದ ನಕ್ಷೆಗಳಲ್ಲಿ ಬರೆಯುತ್ತಿದ್ದ ದ್ವೀಪ. ಯಾರೂ ಅದನ್ನು ಮುಟ್ಟಲಿಲ್ಲ, ಏಕೆಂದರೆ ಅದು ಇರಲೇ ಇಲ್ಲ. ದ್ವೀಪವೊಂದರ ಮೇಲೆ ಮನೆ ಕಟ್ಟಿ, ಅದಕ್ಕೆ ಇನ್ನೊಂದು ದ್ವೀಪದ, ಅದೂ ಇಲ್ಲದ ದ್ವೀಪದ, ಹೆಸರಿಡುವುದು ಅರ್ಥಗರ್ಭಿತವಾಗಿದೆ. ಡೀಫೋ 1719ರಲ್ಲಿ ಪ್ರಕಟಿಸಿದ ಕಾದಂಬರಿಯ ರಾಬಿನ್‌ಸನ್ ಕ್ರೂಸೋ ನಿರ್ಜನ ದ್ವೀಪದಲ್ಲಿ ಬೇಲಿ ಬಿಗಿದ ಗುಹೆಮನೆಯ ಜೊತೆಗೆ ಕಣಿವೆಯಲ್ಲೊಂದು ವಿಹಾರದ ಮನೆಯನ್ನೂ ಮಾಡಿಕೊಂಡಿದ್ದ. ಮರಳಿನಲ್ಲಿ ಇನ್ನೊಬ್ಬ ಮನುಷ್ಯನ ಹೆಜ್ಜೆಗುರುತು ಕಂಡ ದಿನವೇ ಅವನ ನೆಮ್ಮದಿ ಹಾರಿಹೋಯಿತು. ಒಂದು ಕೋಟಿಗೂ ಮೀರಿದ ಜನರ ಹೆಜ್ಜೆಗುರುತುಗಳಿರುವ ದ್ವೀಪದಲ್ಲಿ ಕ್ರೂಸೋನಂತೆ ಬಾಳಲು ಹೊರಟವರು ಎಷ್ಟು ಅಂತಸ್ತು ಏರಿದರೂ ಸಾಲದು.

ಈಚೆ ದಡದ ಲೆಕ್ಕ

ಇನ್ನು ಖಾಡಿಯ ಈಚೆಗೆ ಬರೋಣ. ದ್ವೀಪದ ಭಾರವನ್ನು ಇಳಿಸಲು ಒಳನಾಡಿನಲ್ಲಿ ಹೊಸ ನಗರ ಕಟ್ಟಬೇಕೆಂದು ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ ಎಂಬ ಮೂವರು 1965ರಲ್ಲಿ ‘ಮಾರ್ಗ್’ ಪತ್ರಿಕೆಯ ಮೂಲಕ ಸೂಚಿಸಿದರು. 1970ರಲ್ಲಿ ಸಿಡ್ಕೋ ಸ್ಥಾಪನೆಯಾಯಿತು. 95 ಹಳ್ಳಿಗಳ ನೆಲ ನವಿ ಮುಂಬಯಿಗೆ ಗುರುತಾಯಿತು. ತುರ್ಭೆಯೂ ಅಂತಹ ಒಂದು ಹಳ್ಳಿ. ಗದ್ದೆ, ಉಪ್ಪಿನ ಆಗರ, ಮೀನುಗಾರಿಕೆಗಳಿಂದ ಬದುಕಿದ್ದ ಆಗ್ರಿ ಮತ್ತು ಕೋಳಿ ಜನ ಪರಿಹಾರದ ಮೊತ್ತಕ್ಕಾಗಿ ಹೋರಾಡಿದರು. 1984ರ ಜನವರಿಯಲ್ಲಿ ಉರಣದ ಬಳಿ ದಿ. ಬಾ. ಪಾಟೀಲರ ನೇತೃತ್ವದ ಆಂದೋಲನದ ಮೇಲೆ ಪೊಲೀಸರು ಹಾರಿಸಿದ ಗುಂಡಿಗೆ ಐವರು ಬಲಿಯಾದರು. ಅಭಿವೃದ್ಧಿಪಡಿಸಿದ ನೆಲದಲ್ಲಿ ನೂರಕ್ಕೆ ಹನ್ನೆರಡೂವರೆ ಪಾಲನ್ನು ರೈತರಿಗೆ ಮರಳಿಸುವ ಯೋಜನೆ ಆ ರಕ್ತದಿಂದ ಬಂದದ್ದು. ಇಂದು ನಾವು ಕೊಳ್ಳುವ ಎಷ್ಟೋ ಫ್ಲ್ಯಾಟುಗಳು ಆ ಹನ್ನೆರಡೂವರೆಯ ನೆಲದ ಮೇಲೆಯೇ ನಿಂತಿವೆ.

ಕಟ್ಟಿದವರು ಯಾರು? ಬೆಳಗಿನ ಹೊತ್ತು ಇಲ್ಲಿನ ಯಾವುದಾದರೂ ಕೂಲಿ ನಾಕಾದಲ್ಲಿ ಐದು ನಿಮಿಷ ನಿಂತರೆ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ಕನ್ನಡ ಕಿವಿಗೆ ಬೀಳುತ್ತದೆ. ಗೌಂಡಿಗಳು, ಬಿಗಾರಿಗಳು, ಸೆಂಟ್ರಿಂಗ್ ಕೆಲಸದವರು, ಮಗುವನ್ನು ಸೀರೆಯ ಜೋಲಿಯಲ್ಲಿ ಮಲಗಿಸಿ ಇಟ್ಟಿಗೆ ಹೊರುವ ತಾಯಂದಿರು. ಕಟ್ಟಡ ಮುಗಿಯುವವರೆಗೆ ಅದರ ಬುಡದಲ್ಲೇ ತಗಡಿನ ಗುಡಿಸಲು. ಮುಗಿದ ದಿನ ಕಾವಲುಗಾರ ಅವರನ್ನೇ ಗೇಟಿನಲ್ಲಿ ತಡೆಯುತ್ತಾನೆ. ಈ ನಗರ ಕಟ್ಟಲು ಜಲ್ಲಿ ಬಂದದ್ದು ತುರ್ಭೆಯ ಬೆನ್ನಿಗಿರುವ ಪಾರ್ಸಿಕ್ ಬೆಟ್ಟವನ್ನು ಸಿಡಿಸಿ. ನಲ್ಲಿಯ ನೀರು ಬರುವುದು ರಾಯಗಡ ಜಿಲ್ಲೆಯ ಮೊರ್ಬೆ ಜಲಾಶಯದಿಂದ. ಅಲ್ಲಿಯೂ ಮುಳುಗಿದ ಹೊಲಗಳಿವೆ, ಎದ್ದುಹೋದ ಜನರಿದ್ದಾರೆ. 2024ರ ಜನವರಿಯಲ್ಲಿ 21.8 ಕಿಲೋಮೀಟರ್ ಉದ್ದದ ಅಟಲ್ ಸೇತು ತೆರೆದ ಮೇಲೆ ಸಿರಿಮನೆಯ ಜಾಹೀರಾತುಗಳು ಉಲವೆ, ಉರಣ, ಪನವೇಲುಗಳತ್ತ ಹೊರಳಿವೆ. ದ್ವೀಪದಿಂದ ತಪ್ಪಿಸಿಕೊಳ್ಳಲು ಬರುವವರಿಗಾಗಿ ಈಚೆ ದಡವೇ ಹೊಸ ದ್ವೀಪದಂತೆ ಅಲಂಕಾರಗೊಳ್ಳುತ್ತಿದೆ.

ಚೆಂದದ ಮನೆಯನ್ನು ಬಯಸುವುದು ಪಾಪವೆಂದು ನಾವು ಹೇಳುತ್ತಿಲ್ಲ. ಗಾಳಿ, ಬೆಳಕು, ಒಂದಿಷ್ಟು ನಿಶ್ಶಬ್ದ ಎಲ್ಲರಿಗೂ ಬೇಕು. ಬಾಡಿಗೆಯ ಒಂದು ಕೋಣೆಯಿಂದ ಹೊರಟ ಕನ್ನಡಿಗ ಸಂಸಾರಕ್ಕೆ ಸ್ವಂತದ ಎರಡು ಕೋಣೆ ಎಂತಹ ಬಿಡುಗಡೆಯೆಂಬುದು ಈ ಊರುಗಳಲ್ಲಿ ಬಾಳಿದವರಿಗೆ ಗೊತ್ತು. ಆದರೆ ಮನೆ ನೋಡಲು ಹೋದಾಗ ಚದರಡಿಯ ದರವನ್ನೂ ಕಿಟಕಿಯ ನೋಟವನ್ನೂ ವಿಚಾರಿಸುವ ನಾವು, ಈ ನೆಲ ಮೊದಲು ಯಾರದಾಗಿತ್ತು, ಇಲ್ಲಿಗೆ ನೀರು ಎಲ್ಲಿಂದ ಬರುತ್ತದೆ, ಕಟ್ಟಿದವರ ಕೂಲಿ ಪೂರ್ತಿ ಸಂದಿದೆಯೇ ಎಂದೂ ಕೇಳುವುದು ಒಳಿತು. ಕಾನ್ಹೇರಿಯ ಪುಟ್ಟ ಕೋಣೆಯ ಗೋಡೆಯ ಮೇಲೆ, ಅದನ್ನು ಕೊಟ್ಟವರು ಯಾರು, ನೀರಿನ ತೊಟ್ಟಿ ಯಾರದು, ವಸ್ತ್ರಕ್ಕೆ ಇಟ್ಟ ಹಣವೆಷ್ಟು ಎಂಬುದೆಲ್ಲ ಕಲ್ಲಿನಲ್ಲಿ ಬರೆದಿದೆ. ನಮ್ಮ ಮನೆಗಳ ಕರಾರುಪತ್ರ ನೂರಾರು ಪುಟಗಳಷ್ಟಿದ್ದರೂ ಅದರಲ್ಲಿ ಆಗ್ರಿ ರೈತನ ಗದ್ದೆಗೂ ಯಾದಗಿರಿಯ ಗೌಂಡಿಗೂ ಒಂದು ಸಾಲಿನ ಜಾಗವಿಲ್ಲ.